ಚಿಗರಿ ಉಳಿಯಿತು, ಎರೆಭೂತ ಹೋಯಿತು

ರಾಣೆಬೆನ್ನೂರು ಎಂದೊಡನೆ ನೆನಪಾಗುವುದು ಬೀಜೋತ್ಪಾದನೆ, ಮೆಕ್ಕೆಜೋಳ, ಸದಾ ಗಿಜಿಗುಡುವ ಮಾರುಕಟ್ಟೆ. ಬೆಂಗಳೂರು–ಪುಣೆ ಹೆದ್ದಾರಿಯ ಈ ಊರಿನ ಆಸುಪಾಸಿನಲ್ಲೇ 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯವಿದೆ. 1974ರಲ್ಲಿ ಘೋಷಣೆಯಾದ ಇದು ಹುಲ್ಲತ್ತಿ, ಹುಣಸೀಕಟ್ಟಿ, ಅಳಲಗೇರಿ ಎಂಬ ಮೂರು ತುಂಡುಗಳಲ್ಲಿ ಹರಡಿದೆ. ಒಳವಲಯ 15 ಚದರ ಕಿಲೋಮೀಟರಿಗೂ ಕಡಿಮೆ. ಒಳಹೊಕ್ಕರೆ ಕಾಣುವುದು ಸಾಲು ಹಿಡಿದು ನಿಂತ ನೀಲಗಿರಿ ಮರಗಳು, ನಡುನಡುವೆ ಕುರುಚಲು, ಅಲ್ಲೊಂದು ಇಲ್ಲೊಂದು ಹುಲ್ಲಿನ ಬಯಲು. ಬಯಲಲ್ಲಿ ಬದುಕುವ ಪ್ರಾಣಿಗೆಂದು ಮೀಸಲಿಟ್ಟ ಜಾಗದಲ್ಲಿ ಮರಗಳೇ ಹೆಚ್ಚಿರುವುದು ಈ ಅಭಯಾರಣ್ಯದ ವಿಚಿತ್ರ. ವನ್ಯಜೀವಿ ಸಂರಕ್ಷಣೆಯನ್ನು ಹಸಿರಿನ ಲೆಕ್ಕದಲ್ಲಿ ಅಳೆಯಹೊರಟರೆ ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿಗಿಂತ ಸ್ಪಷ್ಟವಾಗಿ ತೋರಿಸುವ ಜಾಗ ರಾಜ್ಯದಲ್ಲಿ ಸಿಗುವುದು ಕಷ್ಟ.

ಅಭಯಾರಣ್ಯದ ಆರಂಭದ ವರ್ಷಗಳಲ್ಲಿ ಇಲ್ಲಿ ಹೆಸರಾಗಿದ್ದ ಜೀವಿಗಳು ಎರಡು. ಒಂದು, ಈ ಸೀಮೆಯವರು ಚಿಗರಿ ಎನ್ನುವ ಕೃಷ್ಣಮೃಗ. ಇನ್ನೊಂದು ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಚಿಗರಿ ಇಂದು ಸಾವಿರಗಳ ಲೆಕ್ಕದಲ್ಲಿದೆ. ಎರೆಭೂತ ಇಲ್ಲಿ ನೆಲೆಯಾಗಿ ಉಳಿದಿಲ್ಲ. ಒಂದೇ ಕಾನೂನು, ಒಂದೇ ಗಡಿ, ಒಂದೇ ಕಾವಲಿದ್ದೂ ಎರಡರ ಗತಿ ಬೇರೆಯಾದದ್ದೇಕೆ? ಉತ್ತರ ಹಕ್ಕಿಯ ಬದುಕಿನ ರೀತಿಯಲ್ಲೇ ಇದೆ. ಮೀಟರಿನಷ್ಟು ಎತ್ತರ ನಿಲ್ಲುವ, ಗಂಡಾದರೆ 15 ಕಿಲೋವರೆಗೂ ತೂಗುವ ಈ ಹಕ್ಕಿ ಮರದ ಮೇಲೆ ಕೂರುವುದಿಲ್ಲ, ಗೂಡನ್ನೂ ಕಟ್ಟುವುದಿಲ್ಲ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ನರಿ, ನಾಯಿ ಬಂದರೆ ದೂರದಿಂದಲೇ ಕಾಣಬೇಕು. ಅದಕ್ಕೆ ನಾಲ್ಕೂ ದಿಕ್ಕಿಗೆ ತೆರೆದ ನೋಟ ಬೇಕು. ಗಂಡು ಕತ್ತಿನ ಚೀಲ ಉಬ್ಬಿಸಿ, ಬಾಲ ಎತ್ತಿ ಹೆಣ್ಣನ್ನು ಕರೆಯುವುದೂ ಬಯಲಲ್ಲೇ. ಅಂಥ ನೆಲದಲ್ಲಿ ಸಾಲುಸಾಲಾಗಿ ಸಸಿ ನೆಟ್ಟರೆ, ಮರಗಳ ನಡುವೆ ಹಕ್ಕಿ ಹಾಯಾಗಿರುತ್ತದೆ ಎಂದು ನಮಗನ್ನಿಸಬಹುದು. ಅದರ ಪಾಲಿಗೆ ಮಾತ್ರ ಮನೆಯೇ ಹೋದಂತೆ.

ಎರೆಭೂತ ಕಣ್ಮರೆಯಾಗಲು ನೀಲಗಿರಿಯೊಂದೇ ಕಾರಣವಲ್ಲ. ಬೇಟೆಯಿತ್ತು, ಬಯಲು ಹೊಲವಾಯಿತು, ಬೀದಿನಾಯಿಗಳು ಹೆಚ್ಚಿದವು, ವಿದ್ಯುತ್ ತಂತಿಗಳು ಬಂದವು. ದೇಶದಲ್ಲೀಗ ಈ ಹಕ್ಕಿಗಳ ಸಂಖ್ಯೆ 150ರ ಆಸುಪಾಸಿನಲ್ಲಿದೆ ಎಂಬುದು ಅಂದಾಜು. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿವೆ. ಮುಂದಿನದನ್ನು ಸರಿಯಾಗಿ ಕಾಣದ ಈ ಹಕ್ಕಿಗಳು ತಂತಿಗೆ ಬಡಿದು ಸಾಯುತ್ತಿವೆ ಎಂಬ ಅಹವಾಲು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2021ರಲ್ಲಿ ಆದೇಶವೂ ಹೊರಬಿತ್ತು. ಆದರೆ ಉಳಿದ ಅಪಾಯಗಳೆಲ್ಲ ಹೊರಗಿನಿಂದ ಬಂದವು. ಮರ ನೆಟ್ಟದ್ದು ಮಾತ್ರ ಒಳ್ಳೆಯ ಉದ್ದೇಶದಿಂದ, ಸರ್ಕಾರದ ಯೋಜನೆಯಾಗಿಯೇ. ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಎರೆಭೂತ ಬೆರಳೆಣಿಕೆಯಷ್ಟಾದರೂ ಕಂಡಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸುತ್ತಿನ ಎರೆಹೊಲಗಳಲ್ಲಿ ಎಂಬುದನ್ನು ಗಮನಿಸಬೇಕು. ಅಭಯಾರಣ್ಯದ ಮರಗಳಿಗಿಂತ ರೈತರ ತೆರೆದ ಹೊಲವೇ ಈ ಹಕ್ಕಿಗೆ ಹಿತವೆನಿಸಿದ್ದರೆ, ಅದು ಕೇಳುತ್ತಿರುವುದು ಕಾಡನ್ನಲ್ಲ, ಬಯಲನ್ನು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಚಿಗರಿ ಹೆಚ್ಚಿದ್ದು ಹೇಗೆ, ನೀಲಗಿರಿಯ ಮರೆಯೇ ಅದನ್ನು ಕಾಯಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಆಕ್ಷೇಪದಲ್ಲಿ ಹುರುಳಿದೆ. ನೆಡುತೋಪು ಹಗಲಿನ ಬಿಸಿಲಿಗೆ ನೆರಳಾಯಿತು, ಬೇಟೆಗಾರರ ಕಣ್ಣಿಗೆ ಮರೆಯಾಯಿತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿದ್ದನ್ನೂ, ಚಿಗರಿ ಹೊಂದಿಕೊಳ್ಳಬಲ್ಲ ಪ್ರಾಣಿ ಎಂಬುದನ್ನೂ ಮರೆಯಬಾರದು. ಹುಲ್ಲು ಸಾಲದಿದ್ದರೆ ಅದು ಹೊಲಕ್ಕೆ ನುಗ್ಗುತ್ತದೆ. ಮೇವು ಕೊಡದ ತೋಪಿನಲ್ಲಿ ಮಲಗಿ, ಪಕ್ಕದ ಬೆಳೆಯಲ್ಲಿ ಮೇಯುವ ಹಿಂಡುಗಳ ಖರ್ಚನ್ನು ಹೊರುತ್ತಿರುವವರು ಸುತ್ತಲ ರೈತರು. ಚಿಗರಿಯ ಸಂಖ್ಯೆ ಏರಿದ್ದು ಅಭಯಾರಣ್ಯದ ನೆಲ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಆ ಪ್ರಾಣಿ ಎಲ್ಲಿ ಬೇಕಾದರೂ ಹೊಟ್ಟೆ ಹೊರೆಯಬಲ್ಲದು ಎಂಬುದಕ್ಕಷ್ಟೇ ಪುರಾವೆ.

ಮರವಿಲ್ಲದ ಜಾಗ ಒತ್ತುವರಿಗೆ ಬಲಿಯಾಗುತ್ತದೆ, ನೆಡುತೋಪು ಗಡಿಯನ್ನಾದರೂ ಉಳಿಸಿತು ಎಂಬುದು ಎರಡನೆಯ ವಾದ. ಖಾಲಿ ಕಂಡ ನೆಲಕ್ಕೆ ನೇಗಿಲು ಇಳಿಯುವುದು ಸುಳ್ಳಲ್ಲ. ಆದರೆ ಆ ನೆಲ ಖಾಲಿ ಎಂದು ಹೇಳಿದವರು ಯಾರು? ಸರ್ಕಾರಿ ನಕ್ಷೆಗಳಲ್ಲಿ ಕುರುಚಲು ಬಯಲನ್ನು ಪಾಳುಭೂಮಿ ಎಂದು ಬರೆಯುವ ರೂಢಿಯೇ ಒತ್ತುವರಿಗೂ ನೆಡುತೋಪಿಗೂ ಸಮಾನ ದಾರಿ ಮಾಡಿಕೊಟ್ಟಿತು. ಪರಿಸರ ವಿಜ್ಞಾನಿಗಳಾದ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಉಪಗ್ರಹ ಚಿತ್ರಗಳ ನೆರವಿನಿಂದ ತಯಾರಿಸಿದ ನಕ್ಷೆಯ ಪ್ರಕಾರ ದೇಶದ ನೆಲದ ಸುಮಾರು ಶೇ 10ರಷ್ಟು ಇಂಥ ಸಹಜ ಬಯಲು. ಅದರಲ್ಲಿ ರಕ್ಷಿತ ಪ್ರದೇಶಗಳೊಳಗೆ ಇರುವುದು ಶೇ 5ಕ್ಕೂ ಕಡಿಮೆ. ಮರ ಬೆಳೆಸದೆಯೂ ಗಡಿ ಕಾಯಬಹುದು ಎಂಬುದಕ್ಕೆ ಗುಜರಾತಿನ ವೇಲಾವದರ್ ಕಣ್ಣೆದುರಿದೆ. ಸುಮಾರು 34 ಚದರ ಕಿಲೋಮೀಟರಿನ ಆ ರಾಷ್ಟ್ರೀಯ ಉದ್ಯಾನದಲ್ಲಿ ಹುಲ್ಲನ್ನೇ ಕಾಪಾಡುತ್ತಾರೆ. ಕೃಷ್ಣಮೃಗದ ಜೊತೆಗೆ ತೋಳವೂ ಇದೆ, ಚಳಿಗಾಲದಲ್ಲಿ ವಲಸೆ ಬಂದ ಹ್ಯಾರಿಯರ್ ಗಿಡುಗಗಳು ಹಿಂಡುಹಿಂಡಾಗಿ ಹುಲ್ಲಿನಲ್ಲೇ ರಾತ್ರಿ ಕಳೆಯುತ್ತವೆ.

ಹಕ್ಕಿಯೇ ಹೋದಮೇಲೆ ಬಯಲನ್ನು ಮರಳಿ ತಂದು ಏನು ಫಲ ಎನ್ನುವವರೂ ಇದ್ದಾರೆ. ಬಯಲು ಎರೆಭೂತವೊಂದರ ಆಸ್ತಿಯಲ್ಲ. ತೋಳ, ಮೊಲ, ಗೌಜಲಹಕ್ಕಿಗಳಿಗೂ ಅದು ಬೇಕು. ಹುಲ್ಲು ಒಳಗೇ ಸಿಕ್ಕರೆ ಚಿಗರಿಯ ಕಾಟ ಹೊಲದಲ್ಲಿ ಕಡಿಮೆಯಾದೀತು. ಹಾಗೆಂದು ಒಂದೇ ಸಲಕ್ಕೆ ತೋಪನ್ನೆಲ್ಲ ಉರುಳಿಸಿದರೆ ಆ ಜಾಗವನ್ನು ಲಾಂಟಾನವೋ ಬಳ್ಳಾರಿ ಜಾಲಿಯೋ ಆಕ್ರಮಿಸಬಹುದು. ಕೊರಡುಗಳಿಂದ ನೀಲಗಿರಿಯೇ ಮತ್ತೆ ಚಿಗುರಬಹುದು. ತುಂಡು ತುಂಡಾಗಿ ತೆರವು ಮಾಡಿ, ಚಿಗುರನ್ನು ತಡೆದು, ಸ್ಥಳೀಯ ಹುಲ್ಲು ನಿಂತದ್ದನ್ನು ಖಚಿತಪಡಿಸಿಕೊಂಡೇ ಮುಂದಿನ ತುಂಡಿಗೆ ಹೋಗಬೇಕು. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಮೊದಲ ಹೆಜ್ಜೆ. ನೆಟ್ಟ ಸಸಿಗಳ ಎಣಿಕೆಯನ್ನು ಬಿಟ್ಟು, ಎಷ್ಟು ಎಕರೆ ಹುಲ್ಲು ಮರಳಿತು, ನೆಲದಲ್ಲಿ ಮೊಟ್ಟೆಯಿಡುವ ಎಷ್ಟು ಬಗೆಯ ಹಕ್ಕಿಗಳು ಮರಿಮಾಡಿದವು, ಸುತ್ತಲ ಎಷ್ಟು ರೈತರ ಬೆಳೆನಷ್ಟ ಇಳಿಯಿತು ಎಂದು ವರ್ಷವರ್ಷ ಲೆಕ್ಕ ಇಡುವುದು ಎರಡನೆಯದು. ಈ ಲೆಕ್ಕ ಶುರುವಾದರೆ ಮಾತ್ರ ರಾಣೆಬೆನ್ನೂರು ತನ್ನ ಹೆಸರಿನಲ್ಲಿರುವ ಪ್ರಾಣಿಗೆ ತಕ್ಕ ಅಭಯಾರಣ್ಯವಾದೀತು.