ಮುಸೊಲಿನಿಗೆ ಜನ ಒಲಿದದ್ದು ಹೇಗೆ?

1930ರ ದಶಕದ ರೋಮ್. ನಡುರಾತ್ರಿ ದಾಟಿದರೂ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಕಚೇರಿಯಿದ್ದ ಪಲಾಝೊ ವೆನೆಜಿಯಾದ ಕಿಟಕಿಯಲ್ಲಿ ದೀಪ. ಪಾಪ, ಮುಸೊಲಿನಿ ನಮಗೋಸ್ಕರ ನಿದ್ದೆಗೆಟ್ಟು ದುಡೀತಿದ್ದಾನೆ ಅಂತ ದಾರಿಹೋಕರು ಅಂದುಕೊಳ್ಳಬೇಕು! ಆಸಾಮಿ ಎದ್ದು ಹೋದ ಮೇಲೂ ಆ ದೀಪ ಆರಿಸ್ತಿರಲಿಲ್ಲ.

ಗೋಧಿ ಒಕ್ಕಣೆಗೂ ಅಂಗಿ ಬಿಚ್ಚಿ ಇಳಿದ, ಕ್ಯಾಮೆರಾ ಮುಂದೇನೇ. ಸಿನಿಮಾಗೆ ಹೋದವರು ಮೊದಲು ಇಂಥ ದೃಶ್ಯಗಳ ಸರ್ಕಾರಿ ಸುದ್ದಿಚಿತ್ರ ನೋಡಲೇಬೇಕಿತ್ತು.

ಬರೀ ನಾಟಕ ಅಂತ ತಳ್ಳಿಹಾಕಬೇಡಿ. 1931ರಲ್ಲಿ ಅಗ್ಗದ ಟಿಕೆಟ್ಟಿನ ರೈಲು ಬಿಟ್ಟ. ರಜೆ ಅಂದ್ರೇನು ಅಂತ ತಿಳಿಯದ ಕಾರ್ಮಿಕರು ಹೆಂಡತಿ ಮಕ್ಕಳ ಜೊತೆ ಸಮುದ್ರ ನೋಡಿ ಬಂದರು. ಅಂಥವನನ್ನ ಬೈಯೋಕೆ ಬಾಯಿ ಬರುತ್ತಾ? 1929ರಲ್ಲಿ ಪೋಪ್ ಜೊತೆ ಒಪ್ಪಂದವೂ ಆಗಿತ್ತು, ಚರ್ಚಿಗೆ ಹೋಗೋರೂ ಒಲಿದಿದ್ದರು.

ಒಲಿಯದವರು? 1926ರಲ್ಲೇ ವಿರೋಧ ಪಕ್ಷಗಳಿಗೆ ಬೀಗ ಬಿದ್ದಿತ್ತು. ಬಾಯಿ ಬಿಟ್ಟವರಿಗೆ ಜೈಲು, ಇಲ್ಲವೇ ದೂರದ ದ್ವೀಪಕ್ಕೆ ಗಡೀಪಾರು.