ತಳೆಯಿಂದ ಹಾರ್ನೆಸ್‌ವರೆಗೆ: ಬದಲಾದ ಅಡಿಕೆ ಮರವೇರುವ ಸಲಕರಣೆ, ಬದಲಾಗದ ಅಪಾಯ

ಫರಂಗಿಪೇಟೆ: ನೇತ್ರಾವತಿಯ ಎರಡೂ ದಂಡೆಗಳಲ್ಲಿ ಹಬ್ಬಿರುವ ಅಡಿಕೆ ತೋಟಗಳಲ್ಲಿ ವರ್ಷಕ್ಕೆ ಹಲವು ಬಾರಿ ಮನುಷ್ಯ ಮರವೇರಲೇಬೇಕು. ಮುಂಗಾರಿಗೆ ಮುನ್ನ ಒಮ್ಮೆ ಹಾಗೂ ಮಳೆಗಾಲದ ನಡುವೆ ಕನಿಷ್ಠ ಇನ್ನೊಮ್ಮೆ ಔಷಧ ಸಿಂಪಡಣೆಗೆ, ಆ ಬಳಿಕ ಮೂರು-ನಾಲ್ಕು ಕೊಯ್ಲಿಗೆ. ಮರದಿಂದ ಮರಕ್ಕೆ 2.7 ಮೀಟರ್ ಅಂತರವಿಟ್ಟು ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 550 ಮರಗಳಿರುತ್ತವೆ. ಪ್ರತಿ ಮರದ ತುದಿಗೆ ವರ್ಷಕ್ಕೆ ಐದು ಬಾರಿ ತಲುಪಬೇಕೆಂದರೂ ಲೆಕ್ಕ 2,750 ದಾಟುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಆರ್ಥಿಕತೆ ನಿಂತಿರುವುದು ಬಹುಪಾಲು ಈ ಏರಿಳಿತದ ಮೇಲೆಯೇ.

ಅಡಿಕೆ ಮರದ ಕಾಂಡದ ದಪ್ಪ ಸುಮಾರು 15 ಸೆಂಟಿಮೀಟರ್. ಎತ್ತರ ಮಾತ್ರ 15ರಿಂದ 20 ಮೀಟರ್. ಕೊಂಬೆಯಿಲ್ಲ, ಹಿಡಿಕೆಯಿಲ್ಲ. 15 ಮೀಟರ್ ಎತ್ತರದಿಂದ ಜಾರಿದ ವ್ಯಕ್ತಿ ಎರಡು ಸೆಕೆಂಡು ತುಂಬುವುದರೊಳಗೆ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತಾನೆ. ಬದುಕುಳಿದರೂ ಬೆನ್ನುಹುರಿಗೆ ಪೆಟ್ಟಾದರೆ ಸೊಂಟದ ಕೆಳಗೆ ಸ್ವಾಧೀನ ತಪ್ಪುವುದುಂಟು. ಬೆನ್ನುಹುರಿ ಅಪಘಾತಕ್ಕೊಳಗಾದವರಿಗಾಗಿಯೇ ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಭಾರತಿ ಸಂಸ್ಥೆಯ ‘ಸೇವಾಧಾಮ’ ಪುನಶ್ಚೇತನ ಕೇಂದ್ರ ನಡೆಯುತ್ತಿದೆ ಎಂಬುದು ಈ ಸಮಸ್ಯೆ ಎಷ್ಟು ಹತ್ತಿರದ್ದೆಂಬುದನ್ನು ಸೂಚಿಸುತ್ತದೆ.

ಒಂದು ತುಂಡು ಹಗ್ಗ, ಒಂದು ಹಾಳೆ ಟೊಪ್ಪಿ

ಸಾಂಪ್ರದಾಯಿಕ ಸಲಕರಣೆಗಳ ಪಟ್ಟಿ ಬಹಳ ಚಿಕ್ಕದು. ಎರಡೂ ಪಾದಗಳನ್ನು ಜೋಡಿಸುವ ಹಗ್ಗದ ಬಳೆ ‘ತಳೆ’, ಸೊಂಟಕ್ಕೆ ಸಿಕ್ಕಿಸಿದ ಕತ್ತಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ತಳೆ ಹಾಕಿದ ಪಾದಗಳು ಕಾಂಡವನ್ನು ಎರಡು ಬದಿಯಿಂದ ಒತ್ತಿ ಹಿಡಿಯುತ್ತವೆ. ದೇಹದ ಭಾರ ಬಿದ್ದಷ್ಟೂ ಹಿಡಿತ ಬಿಗಿಯಾಗುತ್ತದೆ. ಇದು ಏರಲು ನೆರವಾಗುವ ಸಾಧನವೇ ಹೊರತು ಬೀಳದಂತೆ ತಡೆಯುವ ಸಾಧನವಲ್ಲ. ಕೈ ತಪ್ಪಿದರೆ ತಳೆಯಿಂದ ಯಾವ ರಕ್ಷಣೆಯೂ ಇಲ್ಲ.

ಮಲೆನಾಡು ಮತ್ತು ಉತ್ತರ ಕನ್ನಡದ ಕಡೆ ಕೊನೆಗಾರರು ಮರಕ್ಕೆ ಬಿಗಿಯುವ ಸಣ್ಣ ಮಣೆಯ ಮೇಲೆ ಕುಳಿತು ಕೆಲಸ ಮಾಡುವ ಪದ್ಧತಿಯಿದೆ. ಎರಡೂ ಕೈಗಳು ಬಿಡುವಾಗುವುದು ಇದರ ಲಾಭ. ನುರಿತವರು ಒಂದು ಮರವನ್ನು ಬಗ್ಗಿಸಿ ಪಕ್ಕದ ಮರಕ್ಕೆ ದಾಟಿ, ನೆಲಕ್ಕಿಳಿಯದೆಯೇ ಹತ್ತಾರು ಮರಗಳ ಕೆಲಸ ಮುಗಿಸುತ್ತಾರೆ. ಈ ಕೌಶಲ ಸಮಯವನ್ನು ಉಳಿಸುತ್ತದೆ. ಸುರಕ್ಷತೆಯ ಚರ್ಚೆ ತೊಡಕಾಗುವುದೂ ಇಲ್ಲಿಯೇ.

ಮಳೆಗಾಲದಲ್ಲಿ ಮರವೇರಿಸಿದ ಕೊಳೆರೋಗ

ಅಡಿಕೆ ಮರವೇರುವ ಕೆಲಸದಲ್ಲಿ ಅತ್ಯಂತ ಅಪಾಯದ ಭಾಗ ಕೊಯ್ಲಲ್ಲ, ಮಳೆಗಾಲದ ಸಿಂಪಡಣೆ. ಹಿಂದೆ ಕೊಳೆರೋಗ ತಡೆಗೆ ಗೊನೆಗಳಿಗೆ ‘ಕೊಟ್ಟೆ’ ಕಟ್ಟುವ ರೂಢಿಯಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಶಿಲೀಂಧ್ರ ತಜ್ಞ ಲೆಸ್ಲಿ ಕೋಲ್ಮನ್ ರೋಗದ ಮೂಲವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಬೋರ್ಡೋ ದ್ರಾವಣ ಅಡಿಕೆ ತೋಟಕ್ಕೂ ಕಾಲಿಟ್ಟಿತು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಶೇ 1ರ ಪ್ರಮಾಣ ಇಂದಿಗೂ ಜಾರಿಯಲ್ಲಿದೆ.

ಮೊದಲ ಸಿಂಪಡಣೆ ಮಳೆ ಆರಂಭಕ್ಕೆ ಮುನ್ನ. ಎರಡನೆಯದು 40ರಿಂದ 45 ದಿನಗಳ ಬಳಿಕ. ಅಂದರೆ ಜುಲೈ ವೇಳೆಗೆ, ಕಾಂಡ ಪಾಚಿಗಟ್ಟಿ ಜಾರುವ ದಿನಗಳಲ್ಲಿ. ಕೆಳಗೆ ಒಬ್ಬರು ಪಂಪು ಜಗ್ಗುತ್ತಿದ್ದರೆ ಮೇಲಿರುವಾತ ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ಸಿಂಪಡಣೆಯ ಕೋಲು ಹಿಡಿದಿರುತ್ತಾನೆ. ಪೈಪಿನ ಭಾರವೂ ಅವನನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಇಷ್ಟೆಲ್ಲ ಅಪಾಯದ ನಡುವೆ ಸಿಂಪಡಣೆ ತಪ್ಪಿದರೆ ಇಡೀ ವರ್ಷದ ಫಸಲು ನೆಲ ಕಾಣುವ ಭೀತಿ ಬೆಳೆಗಾರನದು.

ಯಂತ್ರಗಳ ಪ್ರವೇಶ

ಮರವೇರುವವರ ಕೊರತೆ ಕಾಡತೊಡಗಿದ ಮೇಲೆ ಯಂತ್ರಗಳ ಶೋಧ ಚುರುಕಾಯಿತು. ತೆಂಗಿನ ಮರಕ್ಕಾಗಿ ಕಣ್ಣೂರು ಜಿಲ್ಲೆಯ ಚೆಂಬೇರಿಯಲ್ಲಿ ರೂಪುಗೊಂಡ ಕಾಲಿನಿಂದ ತುಳಿದು ಏರುವ ಯಂತ್ರ ಕರಾವಳಿಯಲ್ಲಿ ಮನೆಮಾತಾಯಿತು. ಉಕ್ಕಿನ ತಂತಿಯ ಎರಡು ಬಳೆಗಳು ಕಾಂಡವನ್ನು ಸುತ್ತಿರುತ್ತವೆ. ಒಂದು ಭಾರ ಹೊತ್ತು ಬಿಗಿಯಾದಾಗ ಇನ್ನೊಂದನ್ನು ಮೇಲಕ್ಕೆ ಸರಿಸಬಹುದು. ಇದರ ಮೂಲ ಮಾದರಿಯಲ್ಲಿ ಸುರಕ್ಷತಾ ಪಟ್ಟಿ ಇರಲಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಮುಂದೆ ಅದಕ್ಕೊಂದು ಸುರಕ್ಷತಾ ಜೋಡಣೆಯನ್ನು ರೂಪಿಸಿತು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಸ್ನೇಹಿತರು’ ತರಬೇತಿಯು ಯಂತ್ರದ ಜತೆಗೆ ಅಪಘಾತ ವಿಮೆಯನ್ನೂ ಬೆಸೆಯಿತು.

ಅಡಿಕೆಯ ವಿಷಯದಲ್ಲಿ ದೇಶದ ಗಮನ ಸೆಳೆದದ್ದು ಬಂಟ್ವಾಳ ತಾಲ್ಲೂಕೇ. ಸಜಿಪಮೂಡದ ಕೃಷಿಕ ಗಣಪತಿ ಭಟ್ ಸಿದ್ಧಪಡಿಸಿದ, ಪೆಟ್ರೋಲ್ ಎಂಜಿನ್ನಿನಿಂದ ಮರವೇರುವ ‘ಬೈಕ್’ 2019ರಲ್ಲಿ ವಿಡಿಯೊಗಳ ಮೂಲಕ ಎಲ್ಲೆಡೆ ಹಬ್ಬಿತು. ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಮೆಚ್ಚಿ ಬರೆದರು. ಸುಮಾರು 28 ಕಿಲೋ ತೂಕದ ಈ ಯಂತ್ರ 80 ಕಿಲೋವರೆಗಿನ ವ್ಯಕ್ತಿಯನ್ನು ಹೊತ್ತೊಯ್ಯಬಲ್ಲದು ಎಂದು ಆಗ ವರದಿಯಾಗಿತ್ತು. ಮರವೇರಲು ತಿಳಿಯದವರಿಗೂ ತುದಿ ತಲುಪುವ ದಾರಿ ತೆರೆದದ್ದು ಇದರ ಹೆಚ್ಚುಗಾರಿಕೆ. ಆದರೆ ಪ್ರತಿ ಮರದಿಂದ ಇಳಿಸಿ ಮುಂದಿನ ಮರಕ್ಕೆ ಕಟ್ಟಬೇಕಾದ್ದರಿಂದ, ಮರದಿಂದ ಮರಕ್ಕೆ ದಾಟುವ ನುರಿತವರ ವೇಗವನ್ನು ಸರಿಗಟ್ಟುವುದು ಇಂತಹ ಯಂತ್ರಗಳಿಗೆ ಕಷ್ಟ.

ಮೂರನೆಯ ದಾರಿ ಮರವನ್ನು ಏರದಿರುವುದು. ಹಗುರವಾದ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊಯ್ಲು, ಸಿಂಪಡಣೆ ಎರಡನ್ನೂ ಮಾಡುವವರ ಸಂಖ್ಯೆ ಹೆಚ್ಚಿದೆ. ಇಲ್ಲಿ ಬೀಳುವ ಭಯವಿಲ್ಲ, ವಿದ್ಯುತ್ತಿನ ಭಯವಿದೆ. ಅಲ್ಯೂಮಿನಿಯಂ ದೋಟಿ ತಂತಿಗೆ ತಗುಲಿದರೆ ಜೀವಕ್ಕೆ ಅಪಾಯ ಎಂಬುದು ಹೆಚ್ಚಿನವರಿಗೆ ಗೊತ್ತು. ಕಾರ್ಬನ್ ಫೈಬರ್ ಕೂಡ ವಿದ್ಯುತ್ ವಾಹಕವೇ ಎಂಬುದು ಅನೇಕರಿಗೆ ತಿಳಿದಿಲ್ಲ. ತಂತಿ ಹಾದುಹೋದ ಕಡೆ ಯಾವ ದೋಟಿಯೂ ಸುರಕ್ಷಿತವಲ್ಲ.

ಸೊಂಟಪಟ್ಟಿ ಸಾಲದು, ಏಕೆ?

ಎತ್ತರದಲ್ಲಿ ಕೆಲಸ ಮಾಡುವವರ ಸುರಕ್ಷತೆಯ ಬಗ್ಗೆ ಜಗತ್ತಿನ ತಿಳಿವಳಿಕೆ ಕಳೆದ ಕೆಲವು ದಶಕಗಳಲ್ಲಿ ಬದಲಾಗಿದೆ. ಅಮೆರಿಕದಲ್ಲಿ ಮರದ ಮೇಲಿನ ಅಟ್ಟಣಿಗೆಯಲ್ಲಿ ಕುಳಿತು ಬೇಟೆಯಾಡುವವರು ಒಂದು ಕಾಲದಲ್ಲಿ ಸೊಂಟಕ್ಕೆ ಪಟ್ಟಿಯೊಂದನ್ನೇ ಕಟ್ಟಿಕೊಳ್ಳುತ್ತಿದ್ದರು. ಬಿದ್ದಾಗ ಇಡೀ ಹೊಡೆತ ಹೊಟ್ಟೆ ಮತ್ತು ಬೆನ್ನಿನ ಮೇಲೆ ಬೀಳುತ್ತಿತ್ತು. ಪಟ್ಟಿ ಎದೆಗೆ ಜಾರಿ ಉಸಿರು ಕಟ್ಟುವ ಅಪಾಯವೂ ಇತ್ತು. ಅಲ್ಲಿನ ಕಾರ್ಮಿಕ ಸುರಕ್ಷತಾ ನಿಯಮಗಳು 1998ರ ಜನವರಿ 1ರಿಂದ ಬೀಳುವಿಕೆ ತಡೆಗೆ ಸೊಂಟಪಟ್ಟಿಯ ಬಳಕೆಯನ್ನು ನಿಷೇಧಿಸಿದವು. ಬೇಟೆಗಾರರೂ ಕ್ರಮೇಣ ತೊಡೆ, ಎದೆ, ಭುಜಗಳಿಗೆ ಹೊಡೆತವನ್ನು ಹಂಚುವ ಪೂರ್ಣದೇಹದ ಹಾರ್ನೆಸ್‌ಗೆ ಬದಲಾದರು. ಕುಳಿತಾಗ ಮಾತ್ರವಲ್ಲ, ಏರುವಾಗ ಮತ್ತು ಇಳಿಯುವಾಗಲೂ ಹಗ್ಗಕ್ಕೆ ಜೋಡಣೆ ಇರಬೇಕು ಎಂಬುದು ಅಲ್ಲಿ ಕಲಿತ ಇನ್ನೊಂದು ಪಾಠ. ಭಾರತದಲ್ಲಿ ಇಂತಹ ಪಟ್ಟಿ, ಹಾರ್ನೆಸ್‌ಗಳಿಗೆ ಐ.ಎಸ್. 3521 ಮಾನದಂಡವಿದೆ.

ಅಡಿಕೆ ಮರದಲ್ಲಿ ಈ ಪಾಠವನ್ನು ನೇರವಾಗಿ ಅಳವಡಿಸುವುದು ಸುಲಭವಲ್ಲ. ನುಣುಪಾದ ಕಾಂಡಕ್ಕೆ ಸಡಿಲವಾಗಿ ಸುತ್ತಿದ ಹಗ್ಗ, ವ್ಯಕ್ತಿ ಜಾರಿದಾಗ ಅವನ ಜತೆಗೇ ಜಾರುತ್ತದೆ. ಭಾರ ಬಿದ್ದಾಗ ಕಾಂಡವನ್ನು ಹಿಡಿಯುವ ಕುಣಿಕೆಯೇ ಬೇಕು. ಮರದಿಂದ ಮರಕ್ಕೆ ದಾಟುವವನಿಗೆ ಒಂದೇ ಮರಕ್ಕೆ ಬಿಗಿದ ಹಗ್ಗ ಕಾಲಿಗೆ ತೊಡರು. ಒಳಗೇ ಕೊಳೆತ ಮರ ಮುರಿದರೆ ಹಾರ್ನೆಸ್ ಅವನನ್ನು ಮರದೊಂದಿಗೇ ನೆಲಕ್ಕೆ ಒಯ್ಯುತ್ತದೆ. ಆದ್ದರಿಂದ ಏರುವ ಮುನ್ನ ಬುಡವನ್ನು ತಟ್ಟಿ, ಅಲುಗಾಡಿಸಿ ನೋಡುವ ಹಳೆಯ ರೂಢಿಯ ಬೆಲೆ ಇಂದಿಗೂ ಕುಗ್ಗಿಲ್ಲ. ಹಾರ್ನೆಸ್‌ನಲ್ಲಿ ನಿಶ್ಚಲವಾಗಿ ತೂಗಾಡುವವನ ಕಾಲುಗಳಲ್ಲಿ ರಕ್ತ ನಿಂತು ಪ್ರಾಣಾಪಾಯ ಒದಗಬಹುದಾದ ಕಾರಣ, ಅವನನ್ನು ಬೇಗ ಇಳಿಸಬಲ್ಲ ಇನ್ನೊಬ್ಬರು ತೋಟದಲ್ಲಿ ಇರಲೇಬೇಕು.

ಗಿಡ್ಡ ತಳಿ, ತರಬೇತಿ, ವಿಮೆ

ಮರವನ್ನೇ ಗಿಡ್ಡಗೊಳಿಸುವ ಪ್ರಯತ್ನವೂ ನಡೆದಿದೆ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿರುವ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರವು ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಂದಿಗೆ ಸಂಕರಗೊಳಿಸಿ ವಿಟಿಎಲ್‌ಎಎಚ್-1 ಮತ್ತು 2 ಎಂಬ ತಳಿಗಳನ್ನು ನೀಡಿದೆ. ಆದರೆ ಈಗಾಗಲೇ ಎತ್ತರ ಬೆಳೆದು ಫಲ ಕೊಡುತ್ತಿರುವ ತೋಟವನ್ನು ಕಡಿದು ಹೊಸದಾಗಿ ನೆಡುವುದು ಬೆಳೆಗಾರನಿಗೆ ವರ್ಷಗಳ ಆದಾಯ ಬಿಟ್ಟುಕೊಡುವ ತೀರ್ಮಾನ. ಹೀಗಾಗಿ ಏರುವ ಕೆಲಸ ಸದ್ಯಕ್ಕೆ ನಿಲ್ಲದು. ಯುವಕರಿಗೆ ಮರವೇರುವ ತರಬೇತಿ ಶಿಬಿರಗಳು ವಿಟ್ಲದಲ್ಲಿ ನಡೆದಿರುವುದು ಇದೇ ಕಾರಣಕ್ಕೆ.

ಇಂದು ಒಂದು ತೋಟ, ನಾಳೆ ಇನ್ನೊಂದು ಎಂದು ದುಡಿಯುವ ಈ ಕಾರ್ಮಿಕರಿಗೆ ಖಾಯಂ ಮಾಲೀಕನಿಲ್ಲ. ಬಿದ್ದಾಗ ಹೊಣೆ ಹೊರುವವರು ಯಾರು ಎಂಬ ಪ್ರಶ್ನೆ ಎದುರಾಗುವುದು ಆಸ್ಪತ್ರೆಯ ಬಾಗಿಲಲ್ಲಿ. 2015ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ 18ರಿಂದ 70 ವರ್ಷದವರು ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿಗೆ, ಅಪಘಾತದ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿಯ ರಕ್ಷಣೆ ಪಡೆಯಬಹುದು. ಕೆಲಸಕ್ಕೆ ಕರೆಯುವ ಮುನ್ನ ಈ ವಿಮೆ ಇದೆಯೇ ಎಂದು ಬೆಳೆಗಾರರು ವಿಚಾರಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತುವುದು, ಕೂರಿಸಿ ನೀರು ಕುಡಿಸುವುದು, ಆಟೊದಲ್ಲಿ ಮಡಿಸಿ ಕೂರಿಸಿ ಒಯ್ಯುವುದು ಬೆನ್ನುಹುರಿಯ ಪೆಟ್ಟನ್ನು ಇನ್ನಷ್ಟು ಹೆಚ್ಚಿಸಬಹುದು. ತಲೆ, ಕುತ್ತಿಗೆ, ಬೆನ್ನು ಅಲುಗದಂತೆ ಮಲಗಿದಲ್ಲೇ ಇರಿಸಿ 108ಕ್ಕೆ ಕರೆ ಮಾಡಬೇಕು. ಸಾಗಿಸುವುದು ಅನಿವಾರ್ಯವಾದರೆ ನಾಲ್ಕೈದು ಜನ ಸೇರಿ ದೇಹವನ್ನು ನೇರವಾಗಿ ಹಲಗೆಯ ಮೇಲೆ ಮಲಗಿಸಿಯೇ ಒಯ್ಯಬೇಕು. ಕೊಯ್ಲಿನ ದಿನಗಳಲ್ಲಿ ಅಂತಹ ಒಂದು ಹಲಗೆ ತೋಟದ ಶೆಡ್ಡಿನಲ್ಲಿ ಕೈಗೆ ಸಿಗುವಂತಿರಲಿ.