‘ಸಿಬಿಟಿ ಕೌನ್ಸೆಲಿಂಗ್ ಕೆಲಸ ಮಾಡಲ್ಲ’ ಎಂಬ ಫಾರ್ವರ್ಡ್: ಎಷ್ಟು ನಿಜ, ಎಷ್ಟು ಅರ್ಧಸತ್ಯ?

ಕೆಂಗಲ್ ಕಡೆಯ ನಮ್ಮ ನೆಂಟರ ವಾಟ್ಸಾಪ್ ಗ್ರೂಪಿಗೆ ಕಳೆದ ವಾರ ಒಂದು ಸಂದೇಶ ಬಂತು. ‘ಖಿನ್ನತೆಗೆ ಕೊಡುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯ ಪರಿಣಾಮ ಅರ್ಧಕ್ಕೆ ಇಳಿದಿದೆ. ವಿಜ್ಞಾನಿಗಳೇ ಒಪ್ಪಿದ್ದಾರೆ. ದುಡ್ಡು ದಂಡ ಮಾಡಬೇಡಿ’ ಎಂಬುದು ಅದರ ಸಾರ. ಅರ್ಧ ಗಂಟೆಯಲ್ಲಿ ಚಿಕ್ಕಮ್ಮನ ಫೋನ್. “ಮೂರು ವಾರದಿಂದ ನಮ್ಮ ಹುಡುಗನ್ನ ಕರ್ಕೊಂಡು ಹೋಗ್ತಿದ್ದೀವಲ್ಲಪ್ಪ, ನಿಲ್ಲಿಸಿಬಿಡೋದಾ?”

ಉತ್ತರ ಹೇಳುವ ಮೊದಲು ಆರೋಪಗಳನ್ನು ಒಂದೊಂದಾಗಿ ನೋಡೋಣ.

ಸಿಬಿಟಿ ಎಂದರೇನು?

ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಚಿಕಿತ್ಸೆ. ಇದಕ್ಕೆ 1960ರ ದಶಕದಲ್ಲಿ ತಳಹದಿ ಹಾಕಿದವರಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಪ್ರಮುಖರು.

ಒಂದು ಉದಾಹರಣೆ. ರೇಷ್ಮೆ ಬೆಳೆಗಾರರೊಬ್ಬರಿಗೆ ಒಂದು ಬೆಳೆ ಕೈಕೊಟ್ಟಿತು. ‘ನನ್ನ ಕೈಲಿ ಇನ್ನೇನೂ ಆಗಲ್ಲ’ ಅನ್ನಿಸತೊಡಗಿತು. ತೋಟಕ್ಕೆ ಹೋಗುವುದು ಬಿಟ್ಟರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಸಿಗುವ ಸ್ನೇಹಿತರನ್ನೂ ತಪ್ಪಿಸಿದರು. ಒಂಟಿತನ ಹೆಚ್ಚಿತು, ಆ ಯೋಚನೆ ಇನ್ನೂ ಗಟ್ಟಿಯಾಯಿತು. ಸಿಬಿಟಿಯಲ್ಲಿ ಚಿಕಿತ್ಸಕರು ಈ ಸುತ್ತನ್ನು ಬಿಡಿಸುತ್ತಾರೆ. ಹಿಂದಿನ ಬೆಳೆಗಳು ಹೇಗೆ ಬಂದಿದ್ದವು ಎಂದು ಕೇಳುತ್ತಾರೆ, ದಿನಕ್ಕೊಂದು ಸಣ್ಣ ಕೆಲಸ ಗೊತ್ತುಮಾಡುತ್ತಾರೆ, ಏನಾಯಿತೆಂದು ಬರೆದುಕೊಂಡು ಬರಲು ಹೇಳುತ್ತಾರೆ.

ಆರೋಪ 1: ಪರಿಣಾಮ ಅರ್ಧಕ್ಕೆ ಇಳಿದಿದೆ

ಇದಕ್ಕೆ ಮೂಲವಿದೆ. ನಾರ್ವೆಯ ಇಬ್ಬರು ಸಂಶೋಧಕರು 1977ರಿಂದ 2014ರವರೆಗಿನ 70 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿ, ಖಿನ್ನತೆಯ ಮೇಲೆ ಸಿಬಿಟಿಯ ಪರಿಣಾಮ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂದು 2015ರಲ್ಲಿ ಪ್ರಕಟಿಸಿದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಮಾಹಿತಿಯನ್ನು ಸ್ವೀಡನ್ನಿನ ಸಂಶೋಧಕರು ಮತ್ತೆ ಪರಿಶೀಲಿಸಿದಾಗ, 1995ರ ನಂತರ ಅಂಥ ಇಳಿಕೆ ಕಾಣಲಿಲ್ಲ. ಫಾರ್ವರ್ಡ್‌ನಲ್ಲಿ ಮೊದಲ ಸುದ್ದಿ ಮಾತ್ರ ಇದೆ.

ಆರೋಪ 2: ಬೇರೆ ಚಿಕಿತ್ಸೆಗಿಂತ ಮೇಲೇನಲ್ಲ

ಇದು ಬಹುಮಟ್ಟಿಗೆ ನಿಜ. 2023ರಲ್ಲಿ 409 ಪ್ರಯೋಗಗಳು, 52,702 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ದೊಡ್ಡ ವಿಶ್ಲೇಷಣೆಯೊಂದು ಬಂತು. ಬೇರೆ ಬಗೆಯ ಮಾತಿನ ಚಿಕಿತ್ಸೆಗಳಿಗಿಂತ ಸಿಬಿಟಿ ಹೆಚ್ಚು ಎನ್ನಲು ಅದರಲ್ಲಿ ಗಟ್ಟಿ ಪುರಾವೆ ಸಿಗಲಿಲ್ಲ. ಆದರೆ ಸಿಬಿಟಿ ಪಡೆದವರಲ್ಲಿ ಶೇ 42ರಷ್ಟು ಮಂದಿಗೆ ಗಣನೀಯ ಸುಧಾರಣೆ ಕಂಡಿತ್ತು. ಅದಿಲ್ಲದವರಲ್ಲಿ ಈ ಪ್ರಮಾಣ ಶೇ 19 ಮಾತ್ರ.

ಇಲ್ಲೂ ಒಂದು ಎಚ್ಚರ ಬೇಕು. ಹಲವು ಪ್ರಯೋಗಗಳಲ್ಲಿ ಹೋಲಿಕೆ ನಡೆಯುವುದು ಚಿಕಿತ್ಸೆಗೆ ಸರತಿಯಲ್ಲಿ ಕಾಯುತ್ತಿರುವವರ ಜೊತೆ. ಕಾಯುವವರು ಹೇಗೂ ತಮ್ಮ ಸರದಿ ಬರಲಿ ಎಂದು ಸುಮ್ಮನಿರುತ್ತಾರೆ, ಆದ್ದರಿಂದ ಚಿಕಿತ್ಸೆ ಇರುವುದಕ್ಕಿಂತ ಬಲವಾಗಿ ಕಾಣಬಹುದು. ವಿಮರ್ಶಕರ ಈ ಮಾತು ಸರಿಯಾದದ್ದೇ. ಶೇ 42 ಎಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟು ಸುಧಾರಣೆ ಆಗಲಿಲ್ಲ ಎಂಬುದನ್ನೂ ಮರೆಯಬಾರದು.

ಆರೋಪ 3: ಕಷ್ಟ ಹೊರಗಿದ್ದರೆ ತಲೆ ರಿಪೇರಿ ಮಾಡಿ ಏನು ಫಲ?

ಮೂರರಲ್ಲಿ ಇದೇ ತೂಕದ ಪ್ರಶ್ನೆ. ಬೆಳೆಗಾರರ ಸಾಲ ಯೋಚನೆಯಲ್ಲಿ ಹುಟ್ಟಿದ್ದಲ್ಲ, ಬ್ಯಾಂಕಿನ ನೋಟಿಸು ಸುಳ್ಳಲ್ಲ. ‘ಪಾಸಿಟಿವ್ ಆಗಿ ಯೋಚಿಸಿ’ ಎಂದು ಕಳಿಸಿಬಿಡುವ ಕೌನ್ಸೆಲಿಂಗ್ ಇದ್ದರೆ ಟೀಕೆ ಅದಕ್ಕೆ ತಕ್ಕದ್ದೇ. ಆದರೆ ಸರಿಯಾದ ಸಿಬಿಟಿ ಹಾಗೆ ಹೇಳುವುದಿಲ್ಲ. ಕಷ್ಟ ನಿಜವಾಗಿದ್ದರೆ ಅದನ್ನು ಬಿಡಿಬಿಡಿಯಾಗಿ ನೋಡಿ, ಈ ವಾರ ಯಾವುದನ್ನು ಮಾಡಬಹುದು ಎಂದು ಗೊತ್ತುಮಾಡುವುದೂ ಅದರ ಭಾಗ. ಸಾಲ ಅದರಿಂದ ತೀರದು. ಸಾಲದ ಬಗ್ಗೆ ಯಾರ ಹತ್ತಿರವಾದರೂ ಹೋಗಿ ಮಾತಾಡುವ ಶಕ್ತಿ ಮರಳಬಹುದು.

‘ಇದು ಪಟ್ಟಣದ ಇಂಗ್ಲಿಷಿನವರ ಚಿಕಿತ್ಸೆ’ ಎಂಬ ಮಾತಿಗೆ ಗೋವಾದಲ್ಲಿ ಉತ್ತರ ಸಿಕ್ಕಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಖಿನ್ನತೆಯಿದ್ದವರಿಗೆ ನಡವಳಿಕೆ ಬದಲಿಸುವ ಭಾಗವನ್ನು ಮುಖ್ಯವಾಗಿಟ್ಟುಕೊಂಡು 6ರಿಂದ 8 ಭೇಟಿಗಳಲ್ಲಿ ಚಿಕಿತ್ಸೆ ನೀಡಿದರು. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶದಂತೆ, 3 ತಿಂಗಳಲ್ಲಿ ಅವರಲ್ಲಿ ಶೇ 64ರಷ್ಟು ಮಂದಿಯ ಖಿನ್ನತೆ ಇಳಿದಿತ್ತು. ಈ ಭೇಟಿಗಳಿಲ್ಲದ ಗುಂಪಿನಲ್ಲಿ ಅದು ಶೇ 39.

ಹಾಗಾದರೆ ಚಿಕ್ಕಮ್ಮನಿಗೆ ಹೇಳಿದ್ದೇನು?

ವಿಜ್ಞಾನಿಗಳು ಜಗಳವಾಡುತ್ತಿರುವುದು ‘ಎಷ್ಟು ಕೆಲಸ ಮಾಡುತ್ತದೆ, ಯಾರಿಗೆ’ ಎಂಬ ಬಗ್ಗೆ. ಫಾರ್ವರ್ಡ್ ಅದನ್ನೇ ‘ಕೆಲಸವೇ ಮಾಡುವುದಿಲ್ಲ’ ಎಂದು ತಿರುಗಿಸಿದೆ. ಮೂರು ವಾರಕ್ಕೆ ತೀರ್ಪು ಕೊಡುವುದು ಅವಸರ. ಮುಂದಿನ ಸಲ ಹೋದಾಗ ಚಿಕಿತ್ಸಕರನ್ನೇ ಕೇಳಿ: ನಮ್ಮ ಗುರಿ ಏನು? ಸುಧಾರಣೆಯನ್ನು ಹೇಗೆ ಅಳೆಯುತ್ತೀರಿ? ಇದು ಹಿಡಿಸದಿದ್ದರೆ ಮುಂದಿನ ದಾರಿ ಯಾವುದು? ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ತೊಂದರೆ ಇರುವ 10 ಜನರಲ್ಲಿ 8ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಹೇಗೋ ಧೈರ್ಯ ಮಾಡಿ ಹೊರಟವರನ್ನು ಒಂದು ಸಂದೇಶ ಅರ್ಧ ದಾರಿಯಲ್ಲಿ ವಾಪಸ್ ಕಳಿಸಬಾರದು.

ಮನಸ್ಸು ಭಾರವಾಗಿದ್ದರೆ, ಬದುಕು ಬೇಡ ಅನ್ನಿಸಿದರೆ, ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಈ ನಂಬರನ್ನು ಮಾಡಿ.